ಸಾಲು ಬಿಟ್ಟು ಹೋಗುವಂತಿಲ್ಲ

ಕೈಗವಸು ಹಾಕದೆ ಕುಣಿಯಬಾರದು. ಕರೆದವರಿಗೆ ಒಲ್ಲೆ ಎಂದರೆ ಆ ಕುಣಿತ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಬಾರದು. ವಾದ್ಯದವರಿಗೆ ಕೂಗಿ ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲಿನಲ್ಲಿ ಒಮ್ಮೆ ನಿಂತ ಮೇಲೆ ನಡುವೆ ಬಿಟ್ಟು ಹೋಗಬಾರದು. ಓಟ್‌ಲ್ಯಾಂಡ್ಸ್ ಊರಿನ ಸಭಾಂಗಣದಲ್ಲಿ ಇನ್ನೂರು ವರ್ಷದ ಹಿಂದಿನ ಉಡುಪು ತೊಟ್ಟು ನಾವು ನಡೆಸುವ ನೃತ್ಯಕೂಟಕ್ಕೆ ಹೊಸದಾಗಿ ಬಂದವರಿಗೆಲ್ಲ ಇದನ್ನು ಹೇಳಿಕೊಡುವವಳು ನಾನೇ. ಬೆನ್ನ ಹಿಂದೆ ನನ್ನನ್ನು ಹೆಡ್‌ಮೇಡಂ ಅನ್ನುತ್ತಾರೆಂದು ಗೊತ್ತು. ಅನ್ನಲಿ ಬಿಡಿ.

ಆ ಶನಿವಾರ ಸಂಜೆ ಮಾತ್ರ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನಿಯಮ ಹೇಳಿ ಮುಗಿಸಿ ತಲೆ ಎತ್ತಿದರೆ, ಬಾಗಿಲಿಗೆ ಒರಗಿಕೊಂಡು ನನ್ನ ತಂಗಿ ಜಾಸ್ಲಿನ್ ಕೇಳುತ್ತ ನಿಂತಿದ್ದಳು. ಅಮ್ಮನನ್ನು ಮಣ್ಣು ಮಾಡಿದ ದಿನ, ಚರ್ಚಿನ ಹಿಂದಿನ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತಿರುವಾಗ, "ಅದು ತಿನ್ಬೇಡ, ಇದು ಮುಟ್ಬೇಡ ಅಂತ ಅಮ್ಮನ್ನ ಉಸಿರಾಡೋಕೂ ಬಿಡ್ಲಿಲ್ಲ ನೀನು" ಅಂದವಳು ಇವಳೇ. ಹಾಸಿಗೆ ಪಕ್ಕ ಕೂತು ಹೇಲು ಉಚ್ಚೆ ಬಳಿದವಳು ನಾನು! ಒಂದು ಗಂಟೆ ದಾರಿಯ ಹೋಬಾರ್ಟ್‌ನಿಂದ ಕ್ರಿಸ್‌ಮಸ್‌ಗೊಮ್ಮೆ ಮುಖ ತೋರಿಸಿ ಹೋಗುತ್ತಿದ್ದವಳು ಆಡುವ ಮಾತೇ ಅದು? ಅಂದಿನಿಂದ ಇಷ್ಟು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ, ಕತೆಯಿಲ್ಲ.

"ಇವಳನ್ನ ಕರೆದವ್ರು ಯಾರು?" ನನ್ನ ಜೊತೆ ಕುಣಿಯುವ ಕ್ಲೈವ್‌ನನ್ನು ಕೇಳಿದೆ. ಅವನು ನಿವೃತ್ತ ದನದ ಡಾಕ್ಟರು, ಯಾವುದಕ್ಕೂ ಬೆದರುವವನಲ್ಲ.

"ಟಿಕೆಟ್ ತಗೊಂಡು ಬಂದಿದಾಳಪ್ಪ. ನೀನೇನು ಪೊಲೀಸಾ?"

"ಎದುರಿಗೆ ಸಿಕ್ಕಿಬಿಟ್ರೆ?"

"ಸಿಕ್ಕೇ ಸಿಕ್ತಾಳೆ. ಉದ್ದ ಸಾಲಿನ ಕುಣಿತ ಅಲ್ವಾ? ನೆರಿಡಾ, ಮೈಮೇಲೆ ಇರುವೆ ಬಿಟ್ಕೊಂಡವ್ರ ಹಾಗೆ ಆಡ್ಬೇಡ. ನಿಂತ್ಕೋ."

ಈ ಕುಣಿತದಲ್ಲಿ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ರಾಗ ಒಂದು ಸುತ್ತು ಮುಗಿದಾಗಲೆಲ್ಲ ಸಾಲಿನ ತಲೆಯಲ್ಲಿ ನಿಂತ ನಮ್ಮ ಜೋಡಿ ಒಂದು ಹೆಜ್ಜೆ ಕೆಳಕ್ಕೆ, ಸಾಲಿನ ಕೊನೆಯ ಕಡೆಗೆ; ಎದುರಿನ ಜೋಡಿ ಒಂದು ಹೆಜ್ಜೆ ಮೇಲಕ್ಕೆ. ಎದುರಾದ ಹೆಂಗಸಿನ ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಒಂದು ಸುತ್ತು ತಿರುಗಲೇಬೇಕು. ಜಾಸ್ಲಿನ್ ಯಾರನ್ನೋ ಜೊತೆ ಮಾಡಿಕೊಂಡು ಸಾಲಿನ ಕೊನೆಯಲ್ಲಿ ನಿಂತಳು. ಪಿಟೀಲು ಶುರುವಾಯಿತು.

ಮೊದಲು ಎದುರಾದ ಹುಡುಗಿ ಕೈಗೆ ವಾಚು ಕಟ್ಟಿಕೊಂಡಿದ್ದಳು. "ಬಿಚ್ಚು ಅದನ್ನ," ಎಂದು ಗದರಿ ಮುಂದೆ ಹೋದೆ. ಮುಂದಿನವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಅವಳ ಭುಜದಾಚೆ ನನ್ನ ತಂಗಿ ಮೇಲೆ ಮೇಲೆ ಬರುತ್ತಿದ್ದಳು. ಏನು ಮಾಡಲಿ? ಮುಖ ತಿರುಗಿಸಲೇ? ಕೈಯ ಬದಲು ಬರೀ ಬೆರಳ ತುದಿ ನೀಡಲೇ?

"ಕಾಲು ಉಳುಕ್ತು ಅಂದ್ಬಿಡ್ಲಾ?" ಸುತ್ತು ತಿರುಗುವಾಗ ಕ್ಲೈವ್‌ನ ಕಿವಿಯಲ್ಲಿ ಪಿಸುಗುಟ್ಟಿದೆ.

"ನೀನೇ ಸಾಲು ಬಿಟ್ರೆ ಎಲ್ಲರ ಲೆಕ್ಕನೂ ತಪ್ಪುತ್ತೆ. ಆಮೇಲೆ ನಿನ್ನ ಮಾತು ಯಾರು ಕೇಳ್ತಾರೆ?"

ಹಲ್ಲು ಕಚ್ಚಿಕೊಂಡು ಕುಣಿದೆ. ಜಾಸ್ಲಿನ್ ಎಷ್ಟು ಸೊರಗಿಹೋಗಿದ್ದಳು! ಕೂದಲೆಲ್ಲ ನೆರೆತಿತ್ತು. ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿ ಜೊತೆಗಾರನಿಗೆ ಡಿಕ್ಕಿ ಹೊಡೆದಳು, ಅಡುಗೆಮನೆಯಲ್ಲಿ ಅಮ್ಮ ನಮ್ಮಿಬ್ಬರಿಗೂ ಕುಣಿಯಲು ಕಲಿಸುವಾಗಲೂ ಇವಳು ಹೀಗೇ ಮಾಡುತ್ತಿದ್ದಳು. ಅಮ್ಮ ಹೇಳಿಕೊಟ್ಟಿದ್ದಂತೆ ತುಟಿಯಲ್ಲೇ ಹೆಜ್ಜೆ ಎಣಿಸುತ್ತಿದ್ದಳು. ನೋಡಿದರೆ ನಾನೂ ಎಣಿಸುತ್ತಿದ್ದೆ.

ನಡುವೆ ಉಳಿದದ್ದು ಒಂದೇ ಜೋಡಿ. ಅವರನ್ನೂ ದಾಟಿದೆವು. ಜಾಸ್ಲಿನ್ ನನ್ನ ಎದುರಿಗೆ ಬಂದಳು. ನನ್ನ ಕೈ ಅರ್ಧ ಎದ್ದಿತ್ತು.

ಅಷ್ಟರಲ್ಲಿ ಪಿಟೀಲು ಕೊನೆಯ ಸ್ವರ ಎಳೆದು ನಿಂತಿತು.

ಎಲ್ಲರೂ ಜೊತೆಗಾರರಿಗೆ ಬಗ್ಗಿ ವಂದಿಸಿದರು. ಬದುಕಿದೆಯಾ ಬಡಜೀವವೇ ಎಂದುಕೊಳ್ಳಬೇಕಿತ್ತು ನಾನು. ಅದರ ಬದಲು ಎತ್ತಿದ ಕೈ ಇಳಿಸದೆ ನಿಂತೇ ಇದ್ದೆ. ಜಾಸ್ಲಿನ್ ತನ್ನ ಜೊತೆಗಾರನಿಗೆ ವಂದಿಸಿ, ಲಂಗ ಎತ್ತಿಕೊಂಡು, ಬಾಗಿಲ ಕಡೆ ತಿರುಗಿದಳು.

"ಏಯ್, ನಿಲ್ಲಿಸ್ಬೇಡ್ರೋ! ಇನ್ನೊಂದ್ಸಲ ನುಡ್ಸಿ!"

ಕೂಗಿದ್ದು ನಾನೇ. ಪಿಟೀಲಿನವನು ಬಾಯಿ ತೆರೆದುಕೊಂಡು ನೋಡಿದ. ವಾಚು ಬಿಚ್ಚಿದ್ದ ಹುಡುಗಿ ಕಿಸಕ್ಕೆಂದಳು.

ಜಾಸ್ಲಿನ್ ತಿರುಗಿ ನಿಂತಳು. ಕಣ್ಣು ತುಂಬಿತ್ತು, ನಾಲಿಗೆ ಮಾತ್ರ ಹಳೆಯದೇ. "ವಾದ್ಯದವ್ರಿಗೆ ಕೂಗ್ಬಾರ್ದು ಅಂತ ಈಗ ತಾನೇ ಯಾರೋ ಪಾಠ ಮಾಡ್ತಿದ್ರಪ್ಪ."

"ಬಾಯ್ಮುಚ್ಕೊಂಡು ಬಾರೇ ಇಲ್ಲಿ," ಅಂದೆ. "ನಿಂಗೆ ಇನ್ನೂ ಎಡ ಬಲ ಗೊತ್ತಾಗಲ್ಲ."

ಅವಳು ಬಂದು ಎರಡೂ ಕೈ ಚಾಚಿದಳು. ಪಿಟೀಲು ಶುರುವಾಗುವವರೆಗೂ ನಾವು ಕಾಯಲಿಲ್ಲ.