ಟ್ರಾಲಿಯಲ್ಲಿ ಅತ್ತೆಯ ಜಾಗ

ನನ್ನ ಸೊಸೆ ಸುಗುಣಮ್ಮ ತನ್ನ ಅಳಿಯನ ಎದುರಿಗೆ ಕೂತವಳಲ್ಲ, ಅವನೊಂದಿಗೆ ನೇರವಾಗಿ ಮಾತಾಡಿದವಳೂ ಅಲ್ಲ. ನೀರು ಬೇಕೇ ಎಂದು ಕೇಳಬೇಕಾದರೂ ನಡುವೆ ನಾನಿರಬೇಕು. ಅವಳ ನಾಚಿಕೆಯನ್ನು ತೂಗಲು ಹೋದರೆ ನಮ್ಮೂರು ಕೆ.ಟಿ. ದೊಡ್ಡಿಯ ತಕ್ಕಡಿಗಳೆಲ್ಲ ಮುರಿದಾವು.

ಅವತ್ತು ಅವಳ ಮಗಳು, ನನ್ನ ಮೊಮ್ಮಗಳು ಝಾನ್ಸಿಯನ್ನು ಎಳೆ ಕೂಸಿನ ಸಮೇತ ರಾಜೋಳಿಗೆ, ಗಂಡನ ಮನೆಗೆ ಕಳಿಸುವುದಿತ್ತು. ಅವಳ ಗಂಡ ಮಲ್ಲೇಶನೇ ಟ್ರ್ಯಾಕ್ಟರ್ ತಂದಿದ್ದ. ಹಿಂದೆ ಎರಡೇ ಗಾಲಿಯ ಟ್ರಾಲಿ. ಅದರಲ್ಲಿ ತೊಟ್ಟಿಲು, ಭತ್ತದ ಚೀಲ, ಓಣಿಯ ಅರ್ಧ ಹೆಂಗಸರು. ಮೊಮ್ಮಗಳ ಗಂಡನನ್ನು ಕಾಡಿಸುವುದು ಅಜ್ಜಿಯ ಹಕ್ಕು, ಅದಕ್ಕೇ ನಾನು ಟ್ರಾಲಿಯ ಮುಂತುದಿಯಲ್ಲೇ ಕೂತೆ. ಸುಗುಣಮ್ಮ ಕೂಸನ್ನೆತ್ತಿಕೊಂಡು ಹಿಂದಿನ ತುದಿಗೆ ಹೋದಳು. ಒರಗಿಕೊಳ್ಳಲು ಚೀಲಗಳನ್ನೂ ಅಲ್ಲಿಗೇ ಎಳೆಸಿದಳು. ಝಾನ್ಸಿಯೂ ಉಳಿದವರೂ ಅವಳ ಸುತ್ತಲೇ ಕೂತರು.

"ಅಜ್ಜಿ, ಎಲ್ಲಾರ್ನೂ ಮುಂದ ಕರೀರಿ. ತೂಕ ಹಿಂದಾದ್ರ ಟ್ರಾಲಿ ಮೂಗು ಎತ್ತತೈತಿ," ಎಂದ ಮಲ್ಲೇಶ.

"ನಮಗ ಇಲ್ಲೇ ಆರಾಮ ಐತಿ ಅಂತ ಹೇಳ್ರಿ ಅತ್ತಿ," ಎಂದಳು ಸುಗುಣಮ್ಮ, ಸೆರಗನ್ನು ಮೂಗಿನ ತನಕ ಎಳೆದುಕೊಂಡು.

"ಕೇಳಿದೇನಪಾ? ನಿನ್ನ ಮಾರಿ ನೋಡಿದ್ರ ನಿಮ್ಮತ್ತಿಗೆ ಜ್ವರ ಬರತಾವಂತ!"

ಅವನು ನಕ್ಕು ಟ್ರ್ಯಾಕ್ಟರ್ ಹತ್ತಿದ. ಟ್ರ್ಯಾಕ್ಟರಿಗೂ ಟ್ರಾಲಿಗೂ ಕೊಂಡಿಯಾಗಿ ಒಂದೇ ಕಬ್ಬಿಣದ ಪಿನ್ನು. ಅದು ಮೇಲೇಳದಂತೆ ತಂತಿ ಸುತ್ತಿದ್ದ.

"ಪಿನ್ನಿನ ಜೋಡಿ ಕಟ್ಟೋ ಸರಪಣಿ ಎಲ್ಲೋ?"

"ಎಮ್ಮಿಗೆ ಕಟ್ಟೀನಿ ಅಜ್ಜಿ. ಫಿಕರ್ ಮಾಡಬ್ಯಾಡ್ರಿ."

ಕಾಲುವೆ ಸೇತುವೆಯ ಏರಿನಲ್ಲಿ ಟ್ರಾಲಿಯ ಮೂಗು ನಿಜವಾಗಿಯೂ ಮೇಲೆದ್ದಿತು. ಟಕ್ ಎಂದು ತಂತಿ ಹರಿಯಿತು. ಮುಂದಿನ ಹಲಗೆ ಹಿಡಿದು ಬಗ್ಗಿ ನೋಡಿದೆ. ಪಿನ್ನು ಬೆರಳಷ್ಟು ಮೇಲೆ ಬಂದಿತ್ತು. ಇನ್ನೊಂದು ಕುಲುಕಿಗೆ ಇನ್ನಷ್ಟು. ಅದು ಕಳಚಿದರೆ ನಾವು ಹಿಂದಕ್ಕೆ ಉರುಳಿ ಕಾಲುವೆಗೆ, ಎಲ್ಲರಿಗಿಂತ ಮೊದಲು ಕೂಸು. ಯಮನನ್ನು ಸಾವಿರ ಸಲ ಬೈದಟ್ಟಿದ ನಾನೇ ಕಿರುಚಿಕೊಂಡೆ.

"ಮಲ್ಲೇಶಾ! ಪಿನ್ನು!"

ಅವನು ತಿರುಗಿ ನೋಡಿದ. ಮುಖ ಬೂದಿಯಾಯಿತು. ಬ್ರೇಕಿನ ಮೇಲೆ ನಿಂತೇ ಬಿಟ್ಟ. "ಯಾರೂ ಜಿಗೀಬ್ಯಾಡ್ರಿ! ಸಾವಕಾಶ ಮುಂದ ಬರ್ರಿ!"

ಹೆಂಗಸರು ಅಂಬೆಗಾಲಿಟ್ಟು ಬಂದರು. ಮೂಗು ಇಳಿಯಲಿಲ್ಲ. ಚೀಲಗಳ ನಡುವೆ ಸುಗುಣಮ್ಮ ಕಲ್ಲಾಗಿ ಕೂತಿದ್ದಳು.

"ಸುಗುಣಾ, ಬಾರಽ!"

"ಕಾಲು ಬರವೊಲ್ಲವು ಅತ್ತಿ..."

ಕೂಸು ಕಿರುಚಿತು. ಆಗ ಎದ್ದಳು ನೋಡಿ. ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಚೀಲದ ಕಿವಿ, ಎಳೆಯುತ್ತ ಬಂದಳು. ಮುಂದಿನ ಹಲಗೆಗೆ ಎದೆಯೊಡ್ಡಿ, ಅಳಿಯನ ಕಣ್ಣಲ್ಲಿ ಕಣ್ಣಿಟ್ಟು ಕೂಗಿದಳು:

"ಮಲ್ಲೇಶಾ, ಬ್ರೇಕ್ ಬಿಟ್ಟಿ ಅಂದ್ರ ಕಾಲು ಮುರೀತೀನಿ!"

"ಬಿಡಂಗಿಲ್ರಿ ಅತ್ತೀ!"

ಮೂಗು ಕೆಳಗಿಳಿಯಿತು. ಪಿನ್ನು ಟಣ್ ಎಂದು ತನ್ನ ತೂತಿಗೆ ಬಿತ್ತು.

ಝಾನ್ಸಿ ಬದಿಯಿಂದ ಇಳಿದು ಗಾಲಿಗಳ ಹಿಂದೆ ಕಲ್ಲು ಕೊಟ್ಟಳು. ಸುಗುಣಮ್ಮ ತೊಟ್ಟಿಲಿನ ಸರಪಣಿ ಬಿಚ್ಚಿ ಅಳಿಯನ ಕೈಗೇ ಕೊಟ್ಟಳು. ಅವನು ಅದನ್ನು ಕೊಂಡಿಗೆ ಎರಡು ಸುತ್ತು ಬಿಗಿದು ಕಟ್ಟಿದ. ಚೀಲಗಳೆಲ್ಲ ಮುಂದೆ ಬಂದವು.

ರಾಜೋಳಿಯ ತನಕ ಅವಳು ಮುಂದೆಯೇ ಕೂತಳು, ಪಿನ್ನಿನ ಮೇಲಿನ ಕಣ್ಣು ಕೀಳಲಿಲ್ಲ. ಸೆರಗು ಎಂದೋ ಜಾರಿ ಹೆಗಲಿಗೆ ಬಿದ್ದಿತ್ತು. ಅದರ ಮೇಲೆ ಕಾಡಿಸಲು ನನ್ನ ನಾಲಗೆಯಲ್ಲಿ ಒಂದು ಗಾಡಿ ಮಾತುಗಳಿದ್ದವು. ಆದರೆ ಬೀಗರ ಬಾಗಿಲಲ್ಲಿ ನಾನೇ ಆ ಸೆರಗನ್ನೆತ್ತಿ ಅವಳ ತಲೆಗೆ ಹೊದಿಸಿದೆ.