ಇಪ್ಪತ್ತೆಂಟು ಇಂಚಿನ ಕಟ್ಟೆ

ಬಾಡಿಗೆಗೆ ಕೊಡಲೆಂದು ಮೊದಲ ಸಲ ಮನೆ ಕೊಳ್ಳುವವನಿಗೆ ಬೇರೇನೂ ಸಿಗದಿದ್ದರೂ ಬುದ್ಧಿಮಾತು ಸಿಗುತ್ತದೆ, ಅದೂ ಬಿಟ್ಟಿ. ದರ್ಜಿಗೆ ಅದನ್ನು ಧಾರಾಳವಾಗಿ ಕೊಟ್ಟವನು ಹೆಂಡತಿಯ ಅಣ್ಣ. ಅವನಿಗಿದ್ದದ್ದು ಮೂರು ಬಾಡಿಗೆ ಮನೆ; ಮಾತಿಗೆ ನಿಂತರೆ ಮೂವತ್ತು ಮನೆಯ ಒಡೆಯ. ನಲ್ಲಿ ತಿರುಗಿಸಿ ನೋಡದೆ ಮುಂಗಡ ಕೊಡಬಾರದು, ಮಳೆ ಬಂದ ಮಾರನೆಯ ದಿನ ಹೋಗಿ ಗೋಡೆ ಮುಟ್ಟಿ ನೋಡಬೇಕು, ಬಾಡಿಗೆಗೆ ಬರುವವರ ಕಣ್ಣೀರಿಗೆ ಕರಗಬಾರದು ಎಂದೆಲ್ಲ ಹೇಳಿದ. ದರ್ಜಿ ಚಾಚೂ ತಪ್ಪದೆ ಪಾಲಿಸಿದ. ಪಾಲಿಸದೆ ಬಿಟ್ಟದ್ದು ಒಂದೇ.

"ಬಾಡಿಗೆ ಮನೆ ರೆಡಿಮೇಡ್ ಅಂಗಿ ಇದ್ದ ಹಾಗೆ. ಒಬ್ಬರ ಮೈಗೆ ಅಂತ ಹೊಲಿಯೋದಲ್ಲ, ಯಾರು ಬಂದರೂ ಆಗಬೇಕು," ಎಂದಿದ್ದ ಭಾವ.

ಮೂವತ್ತು ವರ್ಷ ಅಳತೆ ತೆಗೆದೇ ಹೊಟ್ಟೆ ಹೊರೆದವನ ಮುಂದೆ ಆಡುವ ಮಾತೇ ಇದು? ರೆಡಿಮೇಡ್ ಎಂಬುದು ದರ್ಜಿಯ ಅಂಗಡಿಯಲ್ಲಿ ಬೈಗುಳಕ್ಕೆ ಸಮ. ಅಂದೇ ಹೆಂಡತಿಯನ್ನು ಹೊಸ ಮನೆಯ ಅಡುಗೆಕೋಣೆಯಲ್ಲಿ ನಿಲ್ಲಿಸಿ, ಅವಳ ಅಂಗೈ ಆರಾಮಾಗಿ ಊರುವ ಎತ್ತರಕ್ಕೆ ನೆಲದಿಂದ ಟೇಪು ಹಿಡಿದ. ಇಪ್ಪತ್ತೆಂಟು ಇಂಚು. ಅಷ್ಟಕ್ಕೇ ಅಡುಗೆಕಟ್ಟೆ ಕಟ್ಟಿಸಿದ. ಅವಳು ಚೋಟುದ್ದದ ಹೆಂಗಸು. ತಾವು ಬಾಡಿಗೆಗಿದ್ದ ಮನೆಯ ಕಟ್ಟೆ ಅವಳ ಎದೆಯವರೆಗೆ ಬರುತ್ತಿತ್ತು. ಅದನ್ನು ಮುಟ್ಟಲು ಮನೆಯ ಒಡೆಯ ಬಿಡಲಿಲ್ಲ. ಇಪ್ಪತ್ತೆರಡು ವರ್ಷ ಮರದ ಮಣೆ ಹತ್ತಿ ನಿಂತು ಬೇಯಿಸಿದ್ದಳು.

"ನಾವೇನು ಇಲ್ಲಿ ಇರ್ತೀವಾ?" ಎಂದು ಮೊದಲು ನಕ್ಕಳು. ಆಮೇಲೆ ಹೊಸ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತು, "ಇರಲಿ ಬಿಡಿ. ನನ್ನಂಥ ಗಿಡ್ಡಿ ಒಬ್ಬಳು ಬಂದೇ ಬರ್ತಾಳೆ. ಪಾಪ, ಅವಳಾದ್ರೂ ನೆಲದ ಮೇಲೆ ನಿಂತು ಅಡುಗೆ ಮಾಡ್ಲಿ," ಎಂದಳು.

ಗೋಡೆಯ ಬಣ್ಣದ ವಾಸನೆ ಹೋಗುವ ಮೊದಲೇ ಅವಳು ಹೋದಳು. ಒಂದು ವಾರದ ಜ್ವರ, ಅಷ್ಟೇ.

ಮನೆ ಏಳು ತಿಂಗಳು ಖಾಲಿ ಬಿದ್ದಿತ್ತು. ನೋಡಲು ಬಂದವರೆಲ್ಲ ಕಟ್ಟೆಯ ಮುಂದೆ ಬಗ್ಗಿ, ಸೊಂಟ ಹಿಡಿದುಕೊಂಡು, ಇದನ್ನು ಎತ್ತರಿಸಿದರೆ ಬರುತ್ತೇವೆ ಎನ್ನುತ್ತಿದ್ದರು. ಅದೊಂದು ಆಗದು ಎನ್ನುತ್ತಿದ್ದ ದರ್ಜಿ. ತಂಗಿ ಹೋದ ಸಂಕಟ ಭಾವನಿಗೂ ಇತ್ತು. ಆದರೆ ಖಾಲಿ ಮನೆ ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ. ಹೇಳಿ ಹೇಳಿ ಸೋತ. ದರ್ಜಿ ಮಾತ್ರ ಹೆಂಡತಿ ಹೇಳಿದ ಆ ಗಿಡ್ಡಿಗಾಗಿ ಕಾದೇ ಕಾದ.

ಕೊನೆಗೂ ಬಂದಳು. ಒಂದು ಮಧ್ಯಾಹ್ನ ಭಾವನೇ ಕರೆತಂದ. ಶಾಲೆಯಲ್ಲಿ ಪಾಠ ಹೇಳುವ ಹೆಂಗಸು, ಭಾವನ ಭುಜಕ್ಕೂ ಬರುತ್ತಿರಲಿಲ್ಲ. ನೇರ ಅಡುಗೆಕೋಣೆಗೆ ನಡೆದು, ಕಟ್ಟೆಯ ಮೇಲೆ ಎರಡೂ ಅಂಗೈ ಊರಿ, ಕಿಟಕಿಯತ್ತ ಮುಖ ಮಾಡಿ ನಿಂತಳು.

"ನನಗೇ ಅಂತ ಕಟ್ಟಿಸಿದ ಹಾಗಿದೆಯಲ್ಲ," ಎಂದಳು.

ಬಾಗಿಲಲ್ಲಿದ್ದ ದರ್ಜಿಗೆ ಕಂಡದ್ದು ಬೆನ್ನು ಮಾತ್ರ. ಅದೇ ಎತ್ತರ, ಅದೇ ಭುಜ. ಅವನ ಕಣ್ಣಳತೆ ಎಂದೂ ತಪ್ಪಿದ್ದಿಲ್ಲ. ಆಕೆ ತಿರುಗಿದಳು, ಮುಖ ಬೇರೆ. ಏಳು ತಿಂಗಳು ತಾನು ಕಾದದ್ದು ಹೆಂಡತಿಯಂಥ ಇನ್ನೊಬ್ಬಳಿಗಲ್ಲ, ಹೆಂಡತಿಗೇ ಎಂದು ದರ್ಜಿಗೆ ಆಗ ತಿಳಿಯಿತು.

"ಮನೆ ಬೇರೆಯವರಿಗೆ ಮಾತಾಗಿದೆಯಮ್ಮ," ಎಂದ.

ದರ್ಜಿಯ ಮುಖ ನೋಡಿದ ಭಾವ ಆಕೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಆಕೆ ಕಟ್ಟೆಯನ್ನು ಇನ್ನೊಮ್ಮೆ ಸವರಿ ಹೊರಟುಹೋದಳು.

ಮರುದಿನ ದರ್ಜಿಯೇ ಮೇಸ್ತ್ರಿಯನ್ನು ಕರೆಸಿದ. ಎಷ್ಟು ಎತ್ತರಿಸಲಿ ಎಂದು ಮೇಸ್ತ್ರಿ ಕೇಳಿದಾಗ ದರ್ಜಿಯ ಕೈ ತಾನಾಗಿ ಕೊರಳ ಟೇಪಿಗೆ ಹೋಯಿತು, ಅಲ್ಲೇ ನಿಂತಿತು.

"ರೆಡಿಮೇಡ್ ಅಳತೆ ಹಾಕಪ್ಪ. ಯಾರು ಬಂದರೂ ಆಗಬೇಕು."

ಅಂತೂ ಬುದ್ಧಿ ಬಂತಲ್ಲ ಎಂದು ಹಿಂದೆ ನಿಂತಿದ್ದ ಭಾವ ನಿಟ್ಟುಸಿರು ಬಿಟ್ಟ. ದರ್ಜಿ ತಿರುಗಿ ನೋಡಲಿಲ್ಲ. ಸುತ್ತಿಗೆಯ ಮೊದಲ ಏಟು ಬಿದ್ದಾಗ ಯಾರಿಗೂ ಕೇಳಿಸದಂತೆ, "ತಪ್ಪಾಯ್ತು ಕಣೇ," ಎಂದ.