ತಂಗಿಯ ರಕ್ತಪರೀಕ್ಷೆ

ನನ್ನ ಮಗನ ಬಾಯಿಂದ ಸುರಿಯುತ್ತಿದ್ದ ರಕ್ತ ನಿಲ್ಲದೆ ಹೋದಾಗ ಶಿಕಾರಿಪುರದ ಡಾಕ್ಟರು ನಮ್ಮ ಮೂವರ ರಕ್ತವನ್ನೂ ಬೇರೆ ಬೇರೆ ಗಾಜಿನ ಕೊಳವೆಗೆ ತುಂಬಿದರು. ಗಡಿಯಾರ ನೋಡುತ್ತ ಒಂದೊಂದನ್ನೇ ಓರೆ ಮಾಡಿ ನೋಡಿದರು. ಗಂಡನದು ಹೆಪ್ಪುಗಟ್ಟಿತು, ನನ್ನದೂ ಹೆಪ್ಪುಗಟ್ಟಿತು. ಮಗುವಿನದು ನೀರಾಗಿಯೇ ಉಳಿಯಿತು.

"ತವರಲ್ಲಿ ಯಾರಾದ್ರೂ ಹೀಗೆ ಹೋಗಿದ್ರೇನಮ್ಮ?" ಎಂದರು. ಹಲ್ಲು ಕೀಳಿಸಿಕೊಂಡು ಸತ್ತ ಅಣ್ಣನ ವಿಷಯ ಹೇಳಿದೆ. "ಇದು ತಾಯಿಯಿಂದ ಗಂಡುಮಕ್ಕಳಿಗೆ ಬರೋ ಕಾಯಿಲೆ. ತಾಯಿ ರಕ್ತ ಮಾತ್ರ ಚೆನ್ನಾಗೇ ಹೆಪ್ಪುಗಟ್ಟುತ್ತೆ," ಎಂದರು.

ಮಗು ಉಳಿಯಲಿಲ್ಲ. ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಅತ್ತೆ ಅಕ್ಕನಾಗಮ್ಮ, "ಜಗದಾಂಬಾ, ನಿನ್ನ ರಕ್ತ ನಮ್ಮ ಕೂಸನ್ನ ತಿಂತು. ತವರಿಗೆ ನಡಿ," ಎಂದಳು. ಗಂಡ ಗೋಡೆ ನೋಡುತ್ತ ಕೂತಿದ್ದ. ಗಂಡಸಂತೆ ಗಂಡಸು, ಥೂ!

ಸೊರಬದ ಹೊಸಬಾಳೆಯ ತವರಿಗೆ ನಾನು ಬಂದ ಬೆನ್ನಿಗೇ ಅತ್ತೆಯ ಗಾಡಿ ಬಂತು, ಮಗನಿಗೆ ನನ್ನ ತಂಗಿ ನೀಲಾಂಬಿಕೆಯನ್ನು ಕೇಳಲು! ಅಕ್ಕ ಆಗದಿದ್ದರೆ ತಂಗಿ, ನಮ್ಮಲ್ಲಿ ಅದು ಹೊಸದಲ್ಲ. ಆದರೆ ಅತ್ತೆ ಮಹಾ ಜಾಣೆ. ಎತ್ತಿನ ಹಲ್ಲು ನೋಡುವಂತೆ, ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ದು ರಕ್ತ ತೆಗೆಸಿದಳು. ಹೆಣ್ಣುಮಕ್ಕಳಲ್ಲಿ ಇದರಿಂದ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಬಡಕೊಂಡರಂತೆ. ಯಾರು ಕೇಳಬೇಕು!

"ಕಣ್ಣಾರೆ ಕಂಡೀನ್ರಿ, ಮೊಸರಿನಂಗೆ ಹೆಪ್ಪಾತು. ಈಕಿ ರಕ್ತ ಶುದ್ಧ ಐತಿ," ಎಂದು ಊರೆಲ್ಲ ಸಾರಿದಳು.

ನಾನು ಅಪ್ಪನ ಕಾಲು ಹಿಡಿದೆ. "ಅಪ್ಪಾ, ನಂದೂ ಹೆಪ್ಪುಗಟ್ಟಿತ್ತು. ಒಂದೇ ಹೊಟ್ಟೇಲಿ ಹುಟ್ಟಿದವ್ರು ನಾವು. ಕೊಡಬೇಡ."

ತಂಗಿಯೇ ತಿರುಗಿಬಿದ್ದಳು. "ನಾನು ಬಾಳೋದು ಕಂಡ್ರೆ ನಿಂಗೆ ಹೊಟ್ಟೆಕಿಚ್ಚು." ಮದುವೆ ನಡೆದೇ ಹೋಯಿತು.

ಅವಳಿಗೂ ಗಂಡು ಹುಟ್ಟಿತು. ಅಂಬೆಗಾಲಿಡುತ್ತ ಹೊಸ್ತಿಲಿಗೆ ಬಿದ್ದು ತುಟಿ ಒಡೆದುಕೊಂಡಿತು. ಕೊಳವೆಯಲ್ಲಿ ಅದರ ರಕ್ತವೂ ಹೆಪ್ಪುಗಟ್ಟಲಿಲ್ಲ. ಡಾಕ್ಟರು ಕೈಚೆಲ್ಲಿದ ಮೇಲೆ ಅತ್ತೆ ನನ್ನನ್ನು ಎಳೆತರಿಸಿದಳು.

"ಒಂದೋ ಈಕಿ ರಕ್ತ ಕೆಟ್ಟೈತಿ, ಇಲ್ಲಾ ನಿನ್ನ ಕಣ್ಣು ಬಿದ್ದೈತಿ. ಈಕಿ ರಕ್ತಾನೇ ಆದ್ರೆ ಇವತ್ತೇ ಹೊರಗ ಹಾಕ್ತೀನಿ," ಎಂದಳು.

ತಂಗಿ ಮಗುವನ್ನು ಎದೆಗವುಚಿಕೊಂಡು ನನ್ನನ್ನೇ ನೋಡಿದಳು. ನನ್ನ ಗತಿ ಅವಳಿಗೆ ಬೇಡ ಅನ್ನಿಸಿತು. ನೆರೆದವರೆದುರು ಉಪ್ಪು ಮೆಣಸಿನಕಾಯಿ ಕೈಗೆತ್ತಿಕೊಂಡು ಮಗುವಿಗೆ ನಿವಾಳಿಸಿದೆ. "ನನ್ನ ಕಣ್ಣೇ ಬಿದ್ದಿದ್ದು. ಅವಳ ರಕ್ತದಲ್ಲಿ ಏನೂ ಐಬಿಲ್ಲ," ಎಂದೆ.

ಅತ್ತೆಯ ಮುಖ ಅರಳಿತು. "ಹಂಗಾರ ಚಿಂತಿಲ್ಲ. ಇನ್ನೊಂದು ಹೆರ್ತಾಳ ಬಿಡು," ಎಂದಳು.

ಕೂಸಿಗೆ ಇನ್ನೂ ಜೀವವಿತ್ತು.